ಕಲ್ಲೇಟು ತಿಂದ ಬಾನೆಟ್ಟಿಗೆ ರಬ್ಬರ್ ಕೋಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಇದೇ ಕಾಲಂನಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಪೇಂಟ್ ಬಗ್ಗೆ ನಾಕು ಸಾಲು ಬರ್ದಿದ್ದೆ ಅಷ್ಟೇ, ಅದಕ್ಕೆ ಬಂದ ಪತ್ರ, ವಾಟ್ಸಾಪ್ ಮೆಸೇಜ್ ನೋಡಿದ್ರೆ ರಾಜ್ಯದ ಅರ್ಧ ಕಾರುಗಳಿಗೆ ಟಿಪ್ಪರ್ ಜಲ್ಲಿ ಹೊಡ್ದಿದೆ ಅನ್ಸುತ್ತೆ. ಎಲ್ಲಕ್ಕೂ ಉತ್ತರ ಕೊಡೋಕೆ ಜಾಗ ಇಲ್ಲ. ಒಂದಕ್ಕೆ ಉದ್ದ ಬರೀತೀನಿ, ಉಳಿದವಕ್ಕೆ ಚಿಕ್ಕದಾಗಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ (ಕುಂದಾಪುರದಿಂದ): ಸರ್ ನಮಸ್ಕಾರ. ಹೋದ ದೀಪಾವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡೆ, 2014ರ ಮಾಡೆಲ್, ಸಿಲ್ವರ್ ಕಲರ್, ಇಂಜಿನ್ ಲಾಯ್ಕ್ ಇದೆ ಅದ್ರಲ್ಲಿ ಮಾತಿಲ್ಲ. ಆದ್ರೆ ಹಿಂದಿನ ಓನರ್ ಹೈವೇಲೇ ಓಡಿಸಿದ್ದು ಅಂತ ಕಾಣ್ತದೆ, ಬಾನೆಟ್ಟಿನ ಮುಂದಿನ ಅಂಚಲ್ಲಿ ಸಾಸಿವೆಯಿಂದ ಹಿಡಿದು ತೊಗರಿಬೇಳೆ ಅಳತೆವರೆಗೆ 30-40 ಕಡೆ ಪೇಂಟ್ ಹಾರಿದೆ, ಬಂಪರಲ್ಲೂ ಉಂಟು. ಮೂರ್ನಾಕು ಚುಕ್ಕಿ ಕಂದು ಬಣ್ಣಕ್ಕೆ ತಿರುಗಿದಾವೆ. ಗ್ಯಾರೇಜಿನವ್ರು ಫುಲ್ ಬಾನೆಟ್ ಪೇಂಟ್ ಮಾಡ್ಬೇಕು ಅಂತಾರೆ. ನನ್ನ ಅಳಿಯ ಹೇಳೋದು, ಅದೇನೋ ರಬ್ಬರ್ ಸ್ಪ್ರೇ ಬರ್ತದಂತೆ, ಮ್ಯಾಟ್ ಬ್ಲ್ಯಾಕ್ ಹೊಡೆದ್ರೆ ಚುಕ್ಕಿ ಎಲ್ಲ ಮುಚ್ಚಿಹೋಗ್ತದೆ, ಮಾರುವಾಗ ಸಿಪ್ಪೆ ಸುಲಿದ ಹಾಗೆ ಕಿತ್ತರೆ ಒಳಗೆ ಒರಿಜಿನಲ್ ಪೇಂಟ್ ಹಾಗೇ ಇರ್ತದೆ ಅಂತ. ನಿಜವಾ ಮಾರಾಯ್ರೆ? ತುಕ್ಕು ನಿಲ್ತದಾ? ನಮ್ಮ ಮನೆಯವ್ಳು ಮಾತ್ರ ಬೆಳ್ಳಿ ಕಾರಿಗೆ ಕಪ್ಪು ಬಾನೆಟ್ ಮಾಡಿದ್ರೆ ಮಸಿ ಹಿಡಿದ ಬಾಣಲೆ ಹಾಗೆ ಕಾಣ್ತದೆ, ನಾನು ಕೂತ್ಕೊಳೋದಿಲ್ಲ ಅಂತಿದ್ದಾಳೆ.

ಉತ್ತರ: ಬಾಣಲೆ ವಿಷ್ಯದಲ್ಲಿ ನಾನು ಬಾಯಿ ಹಾಕಲ್ಲ, ಆದ್ರೆ ನಿಮ್ಮ ಮನೆಯವರ ಮಾತಲ್ಲಿ ಹುರುಳಿದೆ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಅಳಿಯ ಹೇಳ್ತಿರೋದು ಪ್ಲಾಸ್ಟಿ ಡಿಪ್ ತರದ ಸರಕು. ಅಮೆರಿಕದ ಮಿನೆಸೋಟಾದ ಕಂಪನಿಯದು, 1972ರಿಂದ ಇದೆ, ಅದು ಹುಟ್ಟಿದ್ದು ಕಾರಿಗಾಗಿ ಅಲ್ಲವೇ ಅಲ್ಲ. ಕಟಿಂಗ್ ಪ್ಲೇಯರ್, ಸ್ಪ್ಯಾನರ್ ಹಿಡಿಯನ್ನ ಡಬ್ಬಿಯೊಳಗಿನ ದ್ರವಕ್ಕೆ ಅದ್ದಿ ತೆಗೆದು ನೇತು ಹಾಕಿದ್ರೆ ಒಣಗಿ ರಬ್ಬರ್ ಹಿಡಿ ಆಗೋದು, ಅದಕ್ಕೇ ಹೆಸರಲ್ಲೇ ಡಿಪ್ ಇದೆ. ಆಮೇಲೆ ಸ್ಪ್ರೇ ಕ್ಯಾನಲ್ಲಿ ಬಂತು, ಜನ ಅಲಾಯ್ ವೀಲಿಗೆ ಹೊಡೆದ್ರು, ಲೋಗೋಗೆ ಹೊಡೆದ್ರು, ಕೊನೆಗೆ ಇಡೀ ಕಾರಿಗೇ ಹೊಡೆದ್ರು. ಈಗ ಬೇರೆ ಬೇರೆ ಬ್ರ್ಯಾಂಡಲ್ಲೂ ಸಿಗುತ್ತೆ, ಅಂಗಡೀಲಿ ಪೀಲಬಲ್ ಪೇಂಟ್ ಅಂತಲೋ ರಬ್ಬರ್ ಪೇಂಟ್ ಅಂತಲೋ ಕೇಳಿದ್ರೆ ಕೊಡ್ತಾರೆ.

ಇದು ಕೆಲ್ಸ ಮಾಡೋದು ಹೇಗೆ ಅಂದ್ರೆ, ಸ್ಕೂಲಲ್ಲಿ ಹಿಂದಿನ ಬೆಂಚಲ್ಲಿ ಕೂತು ಅಂಗೈಗೆ ಫೆವಿಕಾಲ್ ಬಳ್ಕೊಂಡು ಒಣಗಿದ್ಮೇಲೆ ಸಿಪ್ಪೆ ಕೀಳ್ತಿದ್ವಲ್ಲ, ಥೇಟ್ ಅದೇ. ಆ ಪದರಕ್ಕೆ ನಮ್ಮ ಚರ್ಮದ ಮೇಲಿನ ಹಿಡಿತಕ್ಕಿಂತ ತನ್ನೊಳಗಿನ ಹಿಡಿತ ಜಾಸ್ತಿ, ಅದಕ್ಕೇ ಒಂದು ತುದಿ ಎತ್ತಿ ಎಳೆದ್ರೆ ಪೂರ್ತಿ ಹಾಳೆ ತರ ಬರ್ತಿತ್ತು. ತೆಳ್ಳಗೆ ಬಳ್ದಿದ್ರೆ ಮಾತ್ರ ಚೂರು ಚೂರಾಗಿ ಬಂದು ಪ್ರಾಣ ತಿನ್ನೋದು. ಇನ್ನೊಂದು ನೆನಪಿರ್ಬೇಕು ನಿಮ್ಗೆ, ಅಂಗೈಲಿ ಗಾಯ ಒಣಗಿ ಹಕ್ಕಳೆ ಕಟ್ಟಿದ್ರೆ ಫೆವಿಕಾಲ್ ಜೊತೆ ಆ ಹಕ್ಕಳೇನೂ ಕಿತ್ಕೊಂಡು ಬಂದು ರಕ್ತ ಬರ್ತಿತ್ತು. ನಿಮ್ಮ ಬಾನೆಟ್ಟಿನ ಕಥೆ ಪೂರ್ತಿ ಇಲ್ಲೇ ಇದೆ ನೋಡಿ. ಚುಕ್ಕಿ ಸುತ್ತ ಇರೋ ಪೇಂಟ್ ಗಟ್ಟಿ ಹಿಡ್ಕೊಂಡಿದ್ರೆ ರಬ್ಬರ್ ಒಂದೇ ಬರುತ್ತೆ, ಅಂಚು ಸಡಿಲ ಆಗಿದ್ರೆ ಅದನ್ನೂ ಕರ್ಕೊಂಡು ಬರುತ್ತೆ.

ಕಾರಿನ ಪೇಂಟ್ ಅಂದ್ರೆ ಒಂದು ಪದರ ಅಲ್ಲ. ಫ್ಯಾಕ್ಟರೀಲಿ ತಗಡಿಗೆ ಮೊದ್ಲು ಫಾಸ್ಫೇಟ್ ಸ್ನಾನ ಮಾಡಿಸಿ, ಆಮೇಲೆ ಇಡೀ ಬಾಡೀನ ದೊಡ್ಡ ತೊಟ್ಟೀಲಿ ಮುಳುಗಿಸಿ ಕರೆಂಟ್ ಕೊಟ್ಟು ಇ-ಕೋಟ್ ಅನ್ನೋ ಪ್ರೈಮರ್ ಹಿಡಿಸ್ತಾರೆ (ನಿಜವಾದ ಡಿಪ್ ಅಂದ್ರೆ ಅದು), ಅದರ ಮೇಲೆ ಮೈ ನುಣುಪು ಮಾಡೋ ಸರ್ಫೇಸರ್, ಅದರ ಮೇಲೆ ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಹೊಳಪು ಕೊಡೋ ಕ್ಲಿಯರ್ ಕೋಟ್. ಇಷ್ಟೆಲ್ಲ ಸೇರಿದ್ರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದ್ರೆ ಎರಡು ತಲೆಗೂದಲು ಜೋಡಿಸಿದಷ್ಟು. ಶಿರಾಡಿಲೋ ಹೆದ್ದಾರಿ 66ರಲ್ಲೋ ಮುಂದಿನ ಟಿಪ್ಪರಿಂದ ಹಾರಿದ ಜಲ್ಲಿ ಅದನ್ನ ಎಲ್ಲೀವರೆಗೆ ಸೀಳಿದೆ ಅನ್ನೋದೇ ಪ್ರಶ್ನೆ. ಬೆಳಿಗ್ಗೆ ಬಿಸಿಲಲ್ಲಿ ಕಾರು ತೊಳೆದು ಒರೆಸಿ ಹತ್ತಿರದಿಂದ ನೋಡಿ, ಬೇಕಿದ್ರೆ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ. ಚುಕ್ಕಿಯೊಳಗೆ ಬೂದು ಅಥವಾ ಮಾಸಲು ಕಪ್ಪು ಕಂಡ್ರೆ ಪ್ರೈಮರ್ ಇನ್ನೂ ಇದೆ, ನೆಮ್ಮದಿಯಾಗಿರಿ. ತಗಡು ಹೊಳೀತಾ ಇದ್ರೆ ಇವತ್ತೋ ನಾಳೆನೋ ತುಕ್ಕು. ಕಂದು ಕಂಡ್ರೆ ಆಗ್ಲೇ ಶುರುವಾಗಿದೆ. ಕಂದು ಚುಕ್ಕಿ ಸುತ್ತ ಪೇಂಟ್ ಸ್ವಲ್ಪ ಉಬ್ಬಿದ್ರೆ, ಕಣ್ಣಿಗೆ ಕಾಣೋದಕ್ಕಿಂತ ಅಗಲಕ್ಕೆ ಒಳಗಿಂದೊಳಗೆ ಹಬ್ಬಿದೆ ಅಂತ ಅರ್ಥ, ಯಾಕಂದ್ರೆ ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತೆ, ಪೇಂಟನ್ನ ಕೆಳಗಿಂದ ಎತ್ತುತ್ತೆ. ನಿಮ್ಮದು ಬೇರೆ ಸಮುದ್ರದ ಊರು, ಗಾಳೀಲೇ ಉಪ್ಪು, ಹಾಗಾಗಿ ಘಟ್ಟದ ಮೇಲೆ ಒಂದು ವರ್ಷ ತಗೊಳೋ ಕೆಲ್ಸ ನಿಮ್ಮಲ್ಲಿ ಒಂದೇ ಮಳೆಗಾಲದಲ್ಲಿ ಆಗಿಹೋಗುತ್ತೆ.

ಬಂಪರ್ ಬಿಟ್ಹಾಕಿ, ಅದು ಪ್ಲಾಸ್ಟಿಕ್, ತುಕ್ಕು ಹಿಡಿಯೋ ಮಾತೇ ಇಲ್ಲ, ಬರೀ ಅಂದದ ಪ್ರಶ್ನೆ. ರಬ್ಬರ್ ಹೊಡೆಯೋ ಆಸೆ ಅಷ್ಟೊಂದಿದ್ರೆ ಬಂಪರಿನ ಕೆಳಗಿನ ಭಾಗಕ್ಕೆ ಹೊಡ್ಕೊಳಿ, ಯಾರೂ ಬಾಣಲೆ ಅನ್ನಲ್ಲ.

ಬಾನೆಟ್ಟಿಗೆ ಬರೋಣ. ಕಣ್ಣಿಂದ ಮುಚ್ಚೋದು ಬೇರೆ, ನೀರಿಂದ ಮುಚ್ಚೋದು ಬೇರೆ, ಅಳಿಯ ಎರಡನ್ನೂ ಕಲಸಿಬಿಟ್ಟಿದ್ದಾರೆ. ಕಂದು ಚುಕ್ಕಿ ಮೇಲೆ ಸೀದಾ ರಬ್ಬರ್ ಹೊಡೆದ್ರೆ ಒಳಗೆ ಆಗ್ಲೇ ಕೂತಿರೋ ತೇವ, ಉಪ್ಪು ಅಲ್ಲೇ ಉಳಿಯುತ್ತೆ, ಅಂಚಿಂದ ಇನ್ನಷ್ಟು ನೀರು ಸೇರುತ್ತೆ, ಮೇಲಿಂದ ನೋಡಿದ್ರೆ ಎಲ್ಲ ಚೆನ್ನಾಗೇ ಕಾಣುತ್ತೆ. ಇದು ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ. ನನ್ನ ಹಳೇ ಕಾರಿನ ಬಾನೆಟ್ಟಿಗೆ ಒಬ್ರು ಅಂಗಡಿಯವ್ರ ಹತ್ರ ಇದನ್ನೇ ಹೊಡೆಸಿದ್ದೆ, ಅವ್ರು ಚುಕ್ಕಿ ನೋಡ್ಲೂ ಇಲ್ಲ ನಾನು ಹೇಳ್ಲೂ ಇಲ್ಲ, ಎರಡು ಮಳೆಗಾಲ ಜುಮ್ಮಂತ ಓಡಾಡಿದೆ, ಮಾರೋ ಹೊತ್ತಿಗೆ ತಗೊಳೋರ ಎದುರಿಗೇ ಸಿಪ್ಪೆ ಸುಲಿಯೋ ಜಂಬ ಮಾಡೋಕೆ ಹೋಗಿ, ಎಡಗಡೆ ಅಂಚಲ್ಲಿ 5 ರೂಪಾಯಿ ನಾಣ್ಯದಷ್ಟು ಪೇಂಟ್ ರಬ್ಬರಿಗೆ ಅಂಟ್ಕೊಂಡು ಎದ್ದು ಬಂತು, ಕೆಳಗೆ ಕಂದು ಬಣ್ಣದ ಭೂಪಟ. ಆ ಮನುಷ್ಯ ಏನೂ ಮಾತಾಡ್ಲಿಲ್ಲ, ಸುಮ್ನೆ 15 ಸಾವಿರ ಕಮ್ಮಿ ಹೇಳಿದ. ಕೊಟ್ಟೆ.

ಹಾಗಾಗಿ ಕೆಲ್ಸದ ಕ್ರಮ ಹೀಗೆ. ಮೊದ್ಲು ಟೇಪ್ ಪರೀಕ್ಷೆ. ತೊಳೆದು ಒಣಗಿಸಿದ ಬಾನೆಟ್ಟಿನ ಚುಕ್ಕಿಗಳ ಮೇಲೆ ಪೇಂಟರ್‌ಗಳು ಬಳಸೋ ಮಾಸ್ಕಿಂಗ್ ಟೇಪ್ ಒತ್ತಿ ಅಂಟಿಸಿ, ಒಂದೆರಡು ನಿಮಿಷ ಬಿಟ್ಟು ಜೋರಾಗಿ ಕಿತ್ತುನೋಡಿ. ಟೇಪಿಗೆ ಪೇಂಟ್ ಚೂರು ಅಂಟಿ ಬಂದ್ರೆ ಅಲ್ಲಿಗೆ ರಬ್ಬರಿನ ಮಾತು ಮುಗೀತು, ಇವತ್ತು ಟೇಪಿಗೆ ಬಂದಿದ್ದು ನಾಳೆ ರಬ್ಬರಿಗೂ ಬರುತ್ತೆ. ಬಾನೆಟ್ ಹಿಂದೆ ಯಾವಾಗ್ಲಾದ್ರೂ ಲೋಕಲ್ಲಾಗಿ ರಿಪೇಂಟ್ ಆಗಿದ್ರೂ ಹುಷಾರು, ಕ್ಯಾನಿನೊಳಗಿರೋ ಸಾಲ್ವೆಂಟ್ (ರಬ್ಬರನ್ನ ಕರಗಿಸಿಟ್ಟಿರೋ ದ್ರವ) ಅಗ್ಗದ ಪೇಂಟನ್ನ ಮೆತ್ತಗೆ ಮಾಡ್ಬಹುದು, ಬಾನೆಟ್ ಒಳಮೈಲಿ ಒಂದು ಮೂಲೆಗೆ ಹೊಡೆದು ನೋಡಿ ಆಮೇಲೆ ಮುಂದುವರೀರಿ.

ಟೇಪ್ ಚೊಕ್ಕಟವಾಗಿ ಬಂದ್ರೆ ಚುಕ್ಕಿಗಳಿಗೆ ಔಷಧಿ. ಕಂದು ಆಗಿರೋ ಮೂರ್ನಾಕನ್ನ ಮಾತ್ರ 400 ನಂಬರಿನ ವಾಟರ್ ಪೇಪರನ್ನ ಪೆನ್ಸಿಲ್ ಹಿಂದಿನ ರಬ್ಬರಿಗೆ ಸುತ್ತಿ ತಗಡು ಬೆಳ್ಳಗೆ ಕಾಣೋವರೆಗೆ ಉಜ್ಜಿ, ಆಚೀಚೆ ಹಬ್ಬಿಸ್ಬೇಡಿ. ಮೂಲೆ ಮುಡುಕಲ್ಲಿ ತುಕ್ಕು ಉಳಿದ್ರೆ ತುಕ್ಕನ್ನ ಗಟ್ಟಿ ಪದರವಾಗಿ ಬದಲಾಯಿಸೋ ರಸ್ಟ್ ಕನ್ವರ್ಟರ್ ಒಂದು ಹನಿ, ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತೆ. ಒಣಗಿದ್ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ ಟೂತ್‌ಪಿಕ್ ತುದೀಲಿ ಪ್ರೈಮರ್ ಒಂದು ಚುಕ್ಕಿ ಇಡಿ, ಬ್ರಷ್ ಬೇಡ, ಅದು ಜಾಸ್ತಿ ಸುರಿಯುತ್ತೆ. ಅದ್ರ ಮೇಲೆ ಟಚ್‌ಅಪ್ ಬಣ್ಣ. ಬಣ್ಣದ ಕೋಡ್ ಗಾಡೀಲೇ ಇರುತ್ತೆ, ಬಾನೆಟ್ ಎತ್ತಿದ್ರೆ ಕಾಣೋ ತಗಡಿನ ಪ್ಲೇಟ್ ಅಥವಾ ಡ್ರೈವರ್ ಬಾಗಿಲ ಕಂಬ ನೋಡಿ, ಮಾರುತಿಯ ಸಿಲ್ಕಿ ಸಿಲ್ವರ್ ಆಗಿದ್ರೆ ಝಡ್‌2ಎಸ್ ಅಂತಿರುತ್ತೆ. ಒಂದೇ ಸಲ ತುಂಬ್ಬೇಡಿ, ತೆಳ್ಳಗೆ ಎರಡು ಮೂರು ಸಲ, ಮಧ್ಯ ಅರ್ಧರ್ಧ ಗಂಟೆ, ಕೊನೆಗೆ ಕ್ಲಿಯರ್. ಬೂದು ಕಾಣೋ ಚುಕ್ಕಿಗಳಿಗೆ ಉಜ್ಜೋ ಕೆಲ್ಸ ಇಲ್ಲ, ಒರೆಸಿ ಬಣ್ಣ ಇಟ್ರೆ ಸಾಕು. ಒಂದು ಭಾನುವಾರದ ಕೆಲ್ಸ, ಕಾಫಿ ಲೋಟ ಬಾನೆಟ್ ಮೇಲೆ ಇಡ್ಬೇಡಿ ಅಷ್ಟೇ.

ಸಿಲ್ವರ್ ಟಚ್‌ಅಪ್ ಹತ್ತಿರದಿಂದ ಗೊತ್ತಾಗೇ ಆಗುತ್ತೆ, ಮೊದ್ಲೇ ಹೇಳಿಬಿಡ್ತೀನಿ. ಅದ್ರೊಳಗಿನ ಅಲ್ಯೂಮಿನಿಯಂ ಚೂರುಗಳು ಸ್ಪ್ರೇಲಿ ಒಂತರ ಮಲಗ್ತಾವೆ, ಟೂತ್‌ಪಿಕ್ಕಲ್ಲಿ ಇನ್ನೊಂತರ, ಬೆಳಕು ಬೇರೆ ಬೇರೆಯಾಗಿ ತಿರುಗುತ್ತೆ, ಸ್ವಲ್ಪ ಕಪ್ಪಗೆ ಕಾಣುತ್ತೆ. ಆರಡಿ ದೂರ ನಿಂತ್ರೆ ಗೊತ್ತಾಗಲ್ಲ. ಕಾರನ್ನ ಆರಡಿಗಿಂತ ಹತ್ತಿರದಿಂದ ನೋಡೋರು ಓನರ್ ಮತ್ತು ದಲ್ಲಾಳಿ ಇಬ್ರೇ.

ಇಷ್ಟಾದ್ಮೇಲೂ ಕಪ್ಪು ಬಾನೆಟ್ ಬೇಕೇ ಬೇಕು ಅಂದ್ರೆ, ಟಚ್‌ಅಪ್ ಒಣಗೋಕೆ ಒಂದು ತಿಂಗಳು ಬಿಡಿ, ಅಷ್ಟರೊಳಗೆ ಮೇಲಿನ ಪದರ ಹಾಕ್ಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ, ನಿಮ್ಮೂರಿನ ಜೂನ್-ಜುಲೈ ಗಾಳೀಲಿ ಬಟ್ಟೆನೇ ಒಣಗಲ್ಲ ಇನ್ನು ರಬ್ಬರ್ ಎಲ್ಲಿ, ಡಿಸೆಂಬರ್-ಜನವರಿ ಬೆಸ್ಟು. ಮೇಣ, ಪಾಲಿಶ್ ಏನಿದ್ರೂ ತೊಳೆದು ಆಲ್ಕೊಹಾಲಲ್ಲಿ ಒರೆಸಿ, ಗಾಜು, ಲೈಟು, ಫೆಂಡರ್ ಎಲ್ಲ ಪೇಪರ್ ಕಟ್ಟಿ, ಕ್ಯಾನನ್ನ ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಹಿಡಿದು ಕೈ ನಿಲ್ಲಿಸದೆ ಹೊಡೀರಿ. ಮೊದಲ್ನೇ ಕೋಟ್ ಮಂಜು ಬಿದ್ದ ಹಾಗೆ ಅರೆಬರೆ ಇರ್ಬೇಕು, ಬೆಳ್ಳಿ ಕಾಣ್ತಾ ಇದ್ರೆ ಗಾಬರಿ ಆಗ್ಬೇಡಿ. ಆಮೇಲೆ ಹತ್ತು-ಹದಿನೈದು ನಿಮಿಷ ಬಿಟ್ಟು ಬಿಟ್ಟು ಇನ್ನೂ ನಾಕೈದು ಕೋಟ್. ಜನ ಇಲ್ಲೇ ಜುಗ್ಗತನ ಮಾಡಿ ಎರಡಕ್ಕೆ ನಿಲ್ಲಿಸ್ತಾರೆ, ಕಣ್ಣಿಗೆ ಕಪ್ಪಾಯ್ತಲ್ಲ ಅಂತ, ಆದ್ರೆ ದಪ್ಪ ಬೇಕಾಗಿರೋದು ಕಣ್ಣಿಗಲ್ಲ, ಕೀಳೋ ದಿನಕ್ಕೆ. ಮಾಸ್ಕಿಂಗ್ ಟೇಪನ್ನ ಕೊನೆ ಕೋಟ್ ಹಸಿ ಇರುವಾಗ್ಲೇ ತೆಗೀರಿ, ಒಣಗಿದ್ಮೇಲೆ ತೆಗೆದ್ರೆ ಟೇಪಿನ ಜೊತೆ ಬಾನೆಟ್ ರಬ್ಬರೂ ಹೊರಟುಬಿಡುತ್ತೆ. ಒಂದು ದಿನ ಮುಟ್ಬೇಡಿ, ಒಂದು ವಾರ ತೊಳೀಬೇಡಿ. ಕೆಲ್ಸ ಬಯಲಲ್ಲಿ ಮಾಡಿ, ಮಾಸ್ಕ್ ಹಾಕ್ಕೊಳಿ, ಬೀಡಿ-ಸಿಗರೇಟು ದೂರ, ಆ ವಾಸನೆ ಬರ್ತಿರೋದು ಬೆಂಕಿ ಹಿಡಿಯೋ ಸಾಲ್ವೆಂಟಿಂದ.

ಈಗ ಬಾಣಲೆಗೆ ಬರ್ತೀನಿ. ಮ್ಯಾಟ್ ರಬ್ಬರ್ ಚುಕ್ಕಿಯ ಗುಳಿಯನ್ನ ತುಂಬಲ್ಲ, ಬರೀ ಬಣ್ಣ ಒಂದೇ ಮಾಡುತ್ತೆ, ಓರೆ ಬಿಸಿಲಲ್ಲಿ ಆ 30-40 ಗುಳಿನೂ ಕಾಣುತ್ತೆ, ಗ್ಲಾಸಿ ಮಾಡಿದ್ರಂತೂ ಇನ್ನೂ ಚೆನ್ನಾಗಿ ಕಾಣುತ್ತೆ. ಅದಕ್ಕೆ ಪಾಲಿಶ್ ಹಾಕೋ ಹಾಗಿಲ್ಲ, ಪೆಟ್ರೋಲ್ ಚೆಲ್ಲಿದ್ರೆ ಕರಗುತ್ತೆ, ಕಾಗೆ ಹಿಕ್ಕೆ ಹಾಕಿದ್ದನ್ನ ಬಿಟ್ರೆ ಕಲೆ ಉಳಿಯುತ್ತೆ, ಸರ್ವಿಸ್ ಸ್ಟೇಷನ್ ಹುಡುಗ ಪ್ರೆಶರ್ ಗನ್ನನ್ನ ಅಂಚಿಗೆ ಹಿಡಿದ್ರೆ ಏಳುತ್ತೆ. ಹೆಚ್ಚಂದ್ರೆ ಮೂರು ವರ್ಷ, ನಮ್ಮ ಬಿಸಿಲಿಗೆ ಎರಡಕ್ಕೇ ಬಿಳಿಚಿಕೊಂಡ್ರೂ ಆಶ್ಚರ್ಯ ಇಲ್ಲ. ಬೂದು ತಿರುಗಿದ ಕಪ್ಪು ಬಾನೆಟ್, ಅಂದ್ರೆ ಸೋಪು ಹಾಕದೆ ಬಿಟ್ಟ ಬಾಣಲೆ. ನಿಮ್ಮ ಮನೆಯವ್ರು ಗೆದ್ರು.

ಗ್ಯಾರೇಜಿನ ಫುಲ್ ಬಾನೆಟ್ ಪೇಂಟಿಗೆ ನಾನಾದ್ರೆ ಅವಸರ ಮಾಡಲ್ಲ. ಫ್ಯಾಕ್ಟರಿ ಪೇಂಟ್ 140 ಡಿಗ್ರಿ ಆಸುಪಾಸಲ್ಲಿ ಬೆಂದಿರೋದು, ವರ್ಕ್‌ಶಾಪಿನ ಒಳ್ಳೆ ಬೂತ್ (ಪೇಂಟ್ ಹೊಡೆದು ಒಣಗಿಸೋ ಕೋಣೆ) ಅಂದ್ರೂ 60ರ ಹತ್ರ, ರಸ್ತೆ ಬದಿ ಶೆಡ್ಡಲ್ಲಿ ಬಿಸಿಲೇ ಬೂತು. ಮೇಲಾಗಿ ಹಳೇ ಕಾರು ತಗೊಳೋನು ಮೊದ್ಲು ಕೇಳೋದೇ ಪೇಂಟ್ ಒರಿಜಿನಲ್ಲಾ ಅಂತ, ಬಾನೆಟ್ ರಿಪೇಂಟ್ ಅಂದ ತಕ್ಷಣ ಆಕ್ಸಿಡೆಂಟ್ ಗಾಡಿ ಅಂತ ಹುಬ್ಬು ಹಾರಿಸ್ತಾನೆ. ಪೇಂಟ್ ಉಬ್ಬಿ ನಾಣ್ಯದಷ್ಟು ಆಗಿದ್ರೆ ಮಾತ್ರ ಟಿಂಕರಿಂಗ್-ಪೇಂಟಿಂಗ್ ಬಿಟ್ಟು ಬೇರೆ ದಾರಿ ಇಲ್ಲ.

ಪ್ರಶ್ನೆ (ತುಮಕೂರಿನಿಂದ): ಕಲ್ಲು ಹೊಡೆದು ಪೇಂಟ್ ಹೋದ್ರೆ ಇನ್ಶೂರೆನ್ಸ್ ಕ್ಲೈಮ್ ಮಾಡಿ ಬಾನೆಟ್ ಪೇಂಟ್ ಮಾಡಿಸ್ಬಹುದಲ್ವಾ, ಯಾಕೆ ಈ ರಬ್ಬರ್ ಗಿಬ್ಬರ್?

ಉತ್ತರ: ಲೆಕ್ಕ ಹಾಕಿ ಮಾಡಿ. ಕ್ಲೈಮ್ ಇಲ್ದೆ ವರ್ಷ ಕಳೆದ್ರೆ ನೋ ಕ್ಲೈಮ್ ಬೋನಸ್ 20ರಿಂದ ಶುರುವಾಗಿ 25, 35, 45, ಐದನೇ ವರ್ಷಕ್ಕೆ 50 ಪರ್ಸೆಂಟ್, ಅದೂ ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮದೇ ಗಾಡಿಯ ಹಾನಿಗೆ ಕಟ್ಟೋ ಭಾಗ) ಮೇಲೆ. ಒಂದು ಬಾನೆಟ್ಟಿಗೋಸ್ಕರ ಕ್ಲೈಮ್ ಹಾಕಿದ್ರೆ ಅದು ಸೊನ್ನೆಗೆ ಬರುತ್ತೆ. ಜೊತೆಗೆ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1000 ರೂಪಾಯಿ ನಿಮ್ಮ ಕೈಯಿಂದ. ಇನ್ನೊಂದು, ವರ್ಷಗಟ್ಲೆ ಬಿದ್ದ ಚುಕ್ಕಿಗಳನ್ನ ಒಂದೇ ದಿನದ ಅಪಘಾತ ಅಂತ ತೋರಿಸಿದ್ರೆ ಸರ್ವೇಯರ್ ಕಣ್ಣಿಗೆ ತುಕ್ಕು ಕಾಣಲ್ವಾ, ಒಂದೇ ದಿನದಲ್ಲಿ ಯಾವ ಚುಕ್ಕಿನೂ ಕಂದಾಗಲ್ಲ.

ಪ್ರಶ್ನೆ (ಬೆಂಗಳೂರಿನಿಂದ): ಹಳೇ ಜೀಪ್ ತಗೊಂಡಿದ್ದೀನಿ, ಬಾಡಿ ತುಂಬ ಚಿಪ್ (ಪೇಂಟ್ ಹಾರಿದ ಚುಕ್ಕಿ) ಮತ್ತೆ ಸ್ಕ್ರ್ಯಾಚ್. ಇಡೀ ಗಾಡಿಗೆ ಮಿಲಿಟರಿ ಹಸಿರು ಪೀಲಬಲ್ ಹೊಡೆಸೋ ಪ್ಲಾನ್. ಪೇಂಟ್ ಅಲ್ಲ ಕೀಳೋ ಕೋಟ್ ಅಂದ್ಮೇಲೆ ಆರ್‌ಟಿಓ ತಲೆನೋವು ಇರಲ್ಲ ಅಂತ ಜೆಸಿ ರೋಡಲ್ಲಿ ಹೇಳಿದ್ರು, ಹೌದಾ?

ಉತ್ತರ: ಹೇಳಿದೋರು ನಿಮ್ಮ ಜೊತೆ ಚೆಕ್‌ಪೋಸ್ಟಿಗೆ ಬರ್ತಾರಾ ಕೇಳಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಲ್ಲಿ ಆಲಿವ್ ಹಸಿರು ಸೇನೆ ಗಾಡಿಗಳ ಬಣ್ಣ, ಸಾರ್ವಜನಿಕರ ಗಾಡಿಗೆ ಹಾಗಿಲ್ಲ. ರಬ್ಬರಾ ಪೇಂಟಾ ಅಂತ ರಸ್ತೇಲಿ ನಿಂತು ವಾದ ಮಾಡೋಕೆ ನಿಮಗೆ ಟೈಮ್ ಇದ್ರೂ ಪೊಲೀಸ್ರಿಗೆ ಇರಲ್ಲ. ಬೇರೆ ಬಣ್ಣ ಆದ್ರೂ, ಆರ್‌ಸಿಯಲ್ಲಿ ಗಾಡಿ ಬಣ್ಣ ಬರೆದಿರುತ್ತೆ, ಇಡೀ ಗಾಡಿ ಬಣ್ಣ ಬದಲಾಯಿಸಿದ್ರೆ ಆರ್‌ಟಿಓಗೆ ತಿಳಿಸಿ ಆರ್‌ಸಿ ತಿದ್ದಿಸ್ಕೊಳಿ, ಇಲ್ಲಾಂದ್ರೆ ಪೊಲೀಸ್ರಿಗೂ ಉತ್ತರ ಹೇಳ್ಬೇಕು, ನಾಳೆ ಇನ್ಶೂರೆನ್ಸಿನವ್ರಿಗೂ ಹೇಳ್ಬೇಕು. ಮತ್ತೆ ಸ್ಪ್ರೇ ಕ್ಯಾನಲ್ಲಿ ಇಡೀ ಜೀಪ್ ಮಾಡ್ತೀನಿ ಅಂತ ಹೊರಡ್ಬೇಡಿ, ಬಾನೆಟ್ ಒಂದಕ್ಕೇ ಮೂರ್ನಾಕು ಕ್ಯಾನ್ ಕುಡಿಯುತ್ತೆ, ತೋರುಬೆರಳು ಮೂರು ದಿನ ಮಡಚೋಕೆ ಬರಲ್ಲ. ಗನ್ನಲ್ಲಿ ಹೊಡೆಯೋರ ಹತ್ರ ಹೋಗಿ.

ಪ್ರಶ್ನೆ (ದಾವಣಗೆರೆಯಿಂದ): ನಮ್ದು ಬಿಳಿ ಕಾರು, ಮುಂದುಗಡೆ ಹತ್ತಿಪ್ಪತ್ತು ಚಿಪ್ ಇದಾವೆ. ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಹಾಕಿಸಿದ್ರೆ ಚಿಪ್ ಮುಚ್ಚಿಹೋಗ್ತಾವಾ, ಇಲ್ಲ ವಿನೈಲ್ ರ‍್ಯಾಪ್ ಒಳ್ಳೇದಾ?

ಉತ್ತರ: ಪಿಪಿಎಫ್ ಪಾರದರ್ಶಕ ಹಾಳೆ, 150ರಿಂದ 200 ಮೈಕ್ರಾನ್ ದಪ್ಪ, ಅಂದ್ರೆ ಕಾರಿನ ಪೇಂಟಿಗಿಂತಲೂ ದಪ್ಪ. ಅದು ಮುಂದೆ ಬರೋ ಕಲ್ಲನ್ನ ತಡೆಯೋಕೆ ಇರೋದು, ಹಿಂದೆ ಬಿದ್ದ ಕಲ್ಲನ್ನ ಮರೆಸೋಕಲ್ಲ, ಚಿಪ್ ಇದ್ದ ಹಾಗೇ ಹಾಕಿದ್ರೆ ಗಾಜಿನ ಪೆಟ್ಟಿಗೇಲಿಟ್ಟ ಹಾಗೆ ಇನ್ನೂ ಎದ್ದು ಕಾಣುತ್ತೆ. ವಿನೈಲ್ ಅಂದ್ರೆ ಬಣ್ಣದ ಪ್ಲಾಸ್ಟಿಕ್ ಸ್ಟಿಕ್ಕರ್ ಹಾಳೆ, ಸುಮಾರು ಅದರರ್ಧ ದಪ್ಪ, ಬಣ್ಣ ಮುಚ್ಚುತ್ತೆ, ಆದ್ರೆ ಅದರ ಗೋಂದು ರಬ್ಬರ್ ಕೋಟಿಗಿಂತ ಗಟ್ಟಿ, ಸಡಿಲ ಪೇಂಟನ್ನ ಕೀಳೋದ್ರಲ್ಲಿ ಅದೇ ಮುಂದು. ನಿಮ್ಮದು ಮೆಟಾಲಿಕ್ ಅಲ್ಲದ ಸಾದಾ ಬಿಳಿ ಆಗಿದ್ರೆ ಅದೃಷ್ಟವಂತರು, ಟಚ್‌ಅಪ್ ಪೆನ್ನಿಗೆ ಅದಕ್ಕಿಂತ ಸುಲಭದ ಬಣ್ಣ ಇಲ್ಲ. ಅದನ್ನ ಮಾಡಿ, ಆಮೇಲೆ ದುಡ್ಡಿದ್ರೆ ಬಾನೆಟ್ ಮುಂದಿನ ಒಂದೂವರೆ ಅಡಿಗೆ ಮಾತ್ರ ಪಿಪಿಎಫ್. ಇಡೀ ಹಳೇ ಕಾರಿಗೆ ಪಿಪಿಎಫ್ ಹಾಕಿಸೋ ದುಡ್ಡಲ್ಲಿ ನಾಕೂ ಟೈರ್ ಹೊಸದು ಬರ್ತಾವೆ, ಟೈರ್ ನೋಡಿದ್ರಾ ಮೊದ್ಲು?

ಪ್ರಶ್ನೆ (ಮೈಸೂರಿನಿಂದ): ನೋಡಿರೋ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಬಾನೆಟ್ಟಿಗೂ ರೂಫಿಗೂ ಆಗ್ಲೇ ಕಪ್ಪು ಪೀಲಬಲ್ ಕೋಟ್ ಇದೆ. ಸ್ಟೈಲಿಗೆ ಹಾಕಿದ್ದು ಅಂತಾರೆ. ತಗೋಬಹುದಾ?

ಉತ್ತರ: ಸ್ಟೈಲಿಗೇ ಇರ್ಬಹುದು, ಎಲ್ರೂ ಕಳ್ರು ಅನ್ನೋಕಾಗಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಬಾನೆಟ್ಟಿನ ಮುಂದಿನ ಅಂಚಲ್ಲಿ ಒಂದು ಅಂಗೈಯಷ್ಟು ಕಿತ್ತು ತೋರಿಸಿ ಅಂತ ಕೇಳಿ, ಬೇಡ ಅಂದ್ರೆ ನಿಮ್ಮ ಉತ್ತರ ಅಲ್ಲೇ ಸಿಕ್ತು. ಬಾನೆಟ್ ಎತ್ತಿ ಹಿಂಜಿನ ಬೋಲ್ಟ್ ನೋಡಿ, ತಲೆ ಮೇಲೆ ಪೇಂಟ್ ಕಿತ್ತಿದ್ರೆ ಬಾನೆಟ್ ಒಂದ್ಸಲ ಬಿಚ್ಚಿದ್ದಾರೆ. ಒಂದು ಫ್ರಿಜ್ ಮ್ಯಾಗ್ನೆಟ್ಟಿಗೆ ಕರ್ಚೀಫ್ ಸುತ್ತಿ ರೂಫ್ ಮೇಲೆ, ಬಾನೆಟ್ ಮೇಲೆ ಅಲ್ಲಲ್ಲಿ ಇಟ್ಟು ನೋಡಿ, ಒಂದ್ಕಡೆ ಗಟ್ಟಿ ಹಿಡಿದು ಇನ್ನೊಂದ್ಕಡೆ ಜಾರಿದ್ರೆ ಕೆಳಗೆ ಪುಟ್ಟಿ ಮೆತ್ತಿದ್ದಾರೆ. ಪೇಂಟ್ ದಪ್ಪ ಅಳೆಯೋ ಗೇಜ್ ಇರೋ ಮೆಕ್ಯಾನಿಕ್ ಸಿಕ್ರೆ ಕರ್ಕೊಂಡು ಹೋಗಿ, ಆದ್ರೆ ರಬ್ಬರ್ ಮೇಲೆ ಅಳೆದ್ರೆ ರಬ್ಬರಿನ ದಪ್ಪನೂ ಸೇರುತ್ತೆ, ಕಿತ್ತ ಜಾಗದಲ್ಲೇ ಅಳೀಬೇಕು. ರೂಫಿಗೆ ಯಾಕೆ ಹಾಕಿದ್ರು ಅನ್ನೋದು ನನಗೆ ಬಾನೆಟ್ಟಿಗಿಂತ ಜಾಸ್ತಿ ಅನುಮಾನ, ಅಲ್ಲಿಗೆ ಜಲ್ಲಿ ಅಷ್ಟು ಹೊಡೆಯಲ್ಲ, ಕ್ಲಿಯರ್ ಕೋಟ್ ಬಿಸಿಲಿಗೆ ಸುಲಿದಿರ್ಬೇಕು. ಹಾಗೆ ಸುಲಿದ ಮೈ ಮೇಲಿನ ರಬ್ಬರ್ ಕೀಳುವಾಗ ಉಳಿದ ಕ್ಲಿಯರನ್ನೂ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತೆ, ರೂಫ್ ಪೇಂಟಿಂಗ್ ಖರ್ಚನ್ನ ರೇಟಲ್ಲೇ ಕಳೀರಿ.

ಪ್ರಶ್ನೆ (ಅಮೆರಿಕದ ಮಿನಿಯಾಪೊಲಿಸಿನಿಂದ): ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ. ಹಳೇ ಕಾರಿನ ಚಿಪ್ಪುಗಳಿಗೆ ನವೆಂಬರಲ್ಲಿ ಡಿಪ್ ಹೊಡೆದು ಏಪ್ರಿಲಲ್ಲಿ ಕಿತ್ತರೆ ಹೇಗೆ?

ಉತ್ತರ: ಆ ಸರಕು ನಿಮ್ಮ ಪಕ್ಕದ ಬ್ಲೇನ್ ಊರಿನದೇ, ನಮಗಿಂತ ಫ್ರೆಶ್ಶಾಗಿ ಸಿಗುತ್ತೆ ನಿಮ್ಗೆ. ಐಡಿಯಾ ಚೆನ್ನಾಗಿದೆ, ಒಂದೇ ಸೀಸನ್ನಿಗೆ ಅಂದ್ರೆ ಈ ಕೋಟಿಗೆ ಸರಿಯಾದ ಕೆಲ್ಸ ಅದೇ. ಆದ್ರೆ ನವೆಂಬರ್ ತಡ ಆಯ್ತು, ಚಳೀಲಿ ಹೊಡೆದ್ರೆ ಸರಿಯಾಗಿ ಕೂರಲ್ಲ, ಸೆಪ್ಟೆಂಬರ್ ಬಿಸಿಲಲ್ಲೇ ಚಿಪ್ ಟಚ್‌ಅಪ್ ಮುಗಿಸಿ ಕೋಟ್ ಹಾಕಿ. ಕೀಳೋದೂ ಬೆಚ್ಚಗಿನ ದಿನ ಮಾಡಿ, ತಣ್ಣಗಿದ್ರೆ ಹರಿಯುತ್ತೆ. ಉಪ್ಪಿನ ನೀರು ನಿಲ್ಲೋದು ಕೆಳಗಡೆ, ಚಕ್ರದ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಅಲ್ಲಿಗೆ ಈ ರಬ್ಬರ್ ಸಾಲಲ್ಲ, ವಾರಕ್ಕೊಮ್ಮೆ ಅಡಿಭಾಗ ತೊಳೆಸಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಅಣ್ಣಾ, ಎರಡು ವರ್ಷದ ಹಿಂದ ಫೆಂಡರ್ ಮ್ಯಾಗಿನ ಚಿಪ್ ಮುಚ್ಚಾಕ ಕ್ಯಾನ್ ಹೊಡದಿದ್ದೆ, ಎರಡ ಕೋಟ್. ಈಗ ಕೀಳಾಕ ಹೋದ್ರ ಉಗುರಿನಷ್ಟ ಉಗುರಿನಷ್ಟ ಬರಾಕತ್ತೈತಿ. ಥಿನ್ನರ್ ಹಾಕಿ ಒರಸ್ಲೇನು?

ಉತ್ತರ: ಥಿನ್ನರ್ ಡಬ್ಬಿ ವಾಪಸ್ ಇಡಿ, ಅದು ರಬ್ಬರ್ ಯಾವ್ದು ಕಾರಿನ ಪೇಂಟ್ ಯಾವ್ದು ಅಂತ ನೋಡಲ್ಲ. ಬ್ಲೇಡೂ ಬೇಡ. ಉಪಾಯ ಉಲ್ಟಾ ಇದೆ, ಕೀಳೋಕೆ ಬರ್ದೇ ಇದ್ರೆ ಇನ್ನಷ್ಟು ಹೊಡೀರಿ. ತೊಳೆದು ಒಣಗಿಸಿ ಅದೇ ಸರಕನ್ನ ಅದ್ರ ಮೇಲೆ ದಪ್ಪಗೆ ನಾಕು ಕೋಟ್ ಹಾಕಿ, ಹೊಸದು ಹಳೇದನ್ನ ಸ್ವಲ್ಪ ಕರಗಿಸಿ ಒಂದಾಗುತ್ತೆ, ಒಂದು ದಿನ ಬಿಟ್ಟು ಬಿಸಿಲಿಗೆ ನಿಲ್ಲಿಸಿ ಮೈ ಬೆಚ್ಚಗಾದ್ಮೇಲೆ ಮೂಲೆಯಿಂದ ನಿಧಾನಕ್ಕೆ ಎಳೆದ್ರೆ ದೋಸೆ ಎದ್ದ ಹಾಗೆ ಬರುತ್ತೆ. ಚಿಪ್ ಇದ್ದ ಜಾಗ ಬಂದಾಗ ಎಳೆಯೋದು ನಿಲ್ಲಿಸಿ, ಸುತ್ತ ಕತ್ತರೀಲಿ ಕತ್ತರಿಸಿ ಆ ತುಂಡನ್ನ ಕೊನೆಗೆ ಬಿಡಿ, ಬೆರಳಲ್ಲಿ ಉಜ್ಜಿ ಉಜ್ಜಿ ಉರುಳೆ ಮಾಡಿ ತೆಗೀರಿ.

ಪ್ರಶ್ನೆ (ಶಿರಸಿಯಿಂದ): ನಗಬೇಡಿ, ಕಾರಿನ ಬಾಗಿಲ ಮೇಲೆ ಚಿಪ್ ಆಗಿದ್ದಕ್ಕೆ ಮಗಳ ನೇಲ್ ಪಾಲಿಶ್ ಹಚ್ಚಿದ್ದೇನೆ. ತಪ್ಪಾಯ್ತಾ?

ಉತ್ತರ: ನಗ್ಲಿಲ್ಲ ಮೇಡಂ, ನಾನೂ ಹಚ್ಚಿದ್ದೀನಿ. ತಗಡು ಕಾಣೋ ಚಿಪ್ಪಿಗೆ ಟಚ್‌ಅಪ್ ಸಿಗೋವರೆಗೆ ಬಣ್ಣ ಇಲ್ಲದ ನೇಲ್ ಪಾಲಿಶ್ ಒಂದು ಹನಿ ಹಾಕಿದ್ರೆ ಮಳೆ ನೀರು ತಗಡಿಗೆ ಸೇರೋದನ್ನ ಕೆಲವು ವಾರ ತಡೆಯುತ್ತೆ, ಶಿರಸಿ ಮಳೆಗೆ ಅದೂ ದೊಡ್ಡ ಉಪಕಾರವೇ. ಬಿಸಿಲಿಗೆ ಬಿರುಕು ಬಿಟ್ಟು ಹಳದಿ ಆಗುತ್ತೆ, ಹಾಗಾಗಿ ಮಳೆ ಮುಗಿದ ಕೂಡ್ಲೇ ಸರಿಯಾದ ಬಣ್ಣ ಹಾಕ್ಸಿ. ತೆಗೆಯುವಾಗ ಮಾತ್ರ ನೇಲ್ ಪಾಲಿಶ್ ರಿಮೂವರ್ ಕಾರಿನ ಹತ್ರ ತರ್ಬೇಡಿ, ಅದ್ರೊಳಗಿನ ಅಸಿಟೋನ್ ಸುತ್ತಲಿನ ಪೇಂಟನ್ನೂ ತಿನ್ನುತ್ತೆ, ಟೂತ್‌ಪಿಕ್ ತುದೀಲಿ ಮೆಲ್ಲಗೆ ಎಬ್ಬಿಸಿ. ಮಗಳದ್ದು ಕೆಂಪು ಬಣ್ಣದ್ದಾ ಅಂತ ಬರೆದಿಲ್ಲ ನೀವು, ಕೆಂಪಾದ್ರೆ ಇವತ್ತೇ ತೆಗೀರಿ.